ಕರೆಯೋಲೆ ಯಾವಾಗ?

ಬಿ.ಸಿ.ರೋಡಿನಲ್ಲಿ ಬಸ್ಸಿಗೆ ಕಾಯುವ ಅವಿವಾಹಿತನಿಗೆ ಬಸ್ಸಿಗಿಂತ ಮೊದಲು ಸಂಬಂಧಿಕರು ಸಿಗುತ್ತಾರೆ. ಪುತ್ತೂರು, ಬೆಳ್ತಂಗಡಿ, ಮೂಡುಬಿದಿರೆ ಕಡೆಯವರೆಲ್ಲ ಇಳಿದು ಹತ್ತುವ ಜಾಗ ತಾನೆ!

"ಎಂತ ಮಾರಾಯ, ಕರೆಯೋಲೆ ಯಾವಾಗ?"

"ಇಲ್ಲ ಮಾವ, ಒಬ್ಬನೇ ಆರಾಮ ಇದ್ದೇನೆ."

"ಆರಾಮವಾ? ಯಾರಿಗಾದರೂ ತೋರಿಸಿದ್ದೀಯಾ?"

"ಡಾಕ್ಟರಿಗಾ?"

"ಜೋಯಿಸರಿಗೆ! ಕುಜದೋಷವೋ ನಾಗದೋಷವೋ ಗೊತ್ತಾಗಬೇಡವಾ? ಮಂಡ್ಯ ಕಡೆಯ ಹುಡುಗರು 2023ರಲ್ಲಿ ಹೆಣ್ಣು ಸಿಗಲಿ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದೇ ಹೋದರು. ನಿನಗೆ ಧರ್ಮಸ್ಥಳಕ್ಕೆ ನಡೆಯಲಿಕ್ಕೆ ಎಂತ ದಾಡಿ?"

"ಅವರಿಗೆ ಹೆಣ್ಣು ಸಿಗುವುದಿಲ್ಲ ಅಂತ ಬೇಜಾರು. ನನಗೆ ನೀವು ಸಿಗುತ್ತೀರಿ ಅಂತ."

(ಕುಹಕ ಮಾವನಿಗೆ ತಾಗಲಿಲ್ಲ. ಮದುವೆ ಮಾತಿನಲ್ಲಿರುವವರಿಗೆ ಯಾವುದೂ ತಾಗುವುದಿಲ್ಲ.)

"ರಾತ್ರಿ ಒಬ್ಬನೇ ಕೂತರೆ ಮನಸ್ಸಿಗೆ ಒಂಥರಾ ಆಗುವುದಿಲ್ಲವಾ?"

"ಕೆಲವು ಸಲ ಆಗುತ್ತದೆ. ಅದಕ್ಕೆ 14416 ಉಂಟಲ್ಲ. ಟೆಲಿ ಮಾನಸ್ ಅಂತ, ಸರಕಾರದ್ದೇ. 2022ರಲ್ಲಿ ಸುರುವಾದದ್ದು. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ."

"ಅಲ್ಲಿ ಹುಡುಗಿ ತೋರಿಸುತ್ತಾರಾ?"

"ಇಲ್ಲ. ನಾವು ಹೇಳಿದ್ದನ್ನು ಕೇಳುತ್ತಾರೆ."

"ಬರೀ ಕೇಳಲಿಕ್ಕೆ ಸಂಬಳವಾ! ಅಡ್ಡಬಾಯಿ ಹಾಕುವುದೇ ಇಲ್ಲವಾ?"

"ಇಲ್ಲ ಮಾವ. ಅದಿರಲಿ, ನಿಮ್ಮ ಮಗ ಹೇಗಿದ್ದಾನೆ? ಮದುವೆ ಜೋರಾಗಿತ್ತು."

ಮಾವ ಆಚೀಚೆ ನೋಡಿದರು. ಸ್ವರ ಇಳಿಯಿತು.

"ಊಟ ಮಾಡಿದರೆ ಮೊಬೈಲು ಹಿಡಿದು ಕೋಣೆಗೆ. ಹೆಂಡತಿಯೊಟ್ಟಿಗೂ ಮಾತಿಲ್ಲ, ನಮ್ಮೊಟ್ಟಿಗೂ ಇಲ್ಲ. ಆ ನಂಬರು... ಇನ್ನೊಮ್ಮೆ ಹೇಳು."

ಹೇಳಿದೆ. ಅದು ಹಗಲು ರಾತ್ರಿ ಉಂಟು. ಮದುವೆಯಾದವರೂ ಫೋನ್ ಮಾಡಬಹುದು.