ಸೂಕ್ಷ್ಮಾಣುಗಳ ಅಡಿಕೆ ವಖಾರಿ: ಒಂದು ಮಹಾಪ್ರಬಂಧದ ಸಾರಾಂಶ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಅಡಿಕೆಗೆ 2019ರಲ್ಲಿ ‘ಶಿರಸಿ ಸುಪಾರಿ’ ಎಂಬ ಹೆಸರಿನಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಪ್ರೋಟೀನಿಗೆ ಬೇಕಾದ ಅಮೈನೋ ಆಮ್ಲವನ್ನು ಟಿಆರ್‌ಎನ್‌ಎ ಎಂಬ ಸಾಗಣೆ ಅಣುವಿಗೆ ಕಟ್ಟುವ ವಿದ್ಯೆಯನ್ನು ಬ್ಯಾಕ್ಟೀರಿಯಾಗಳು ಈ ಮೂರು ತಾಲೂಕುಗಳಿಂದಲೇ ಕದ್ದವೆಂದು ಪ್ರಸ್ತುತ ಪ್ರಬಂಧ ಸಾಧಿಸುತ್ತದೆ. ಬ್ಯಾಕ್ಟೀರಿಯಾಗಳ ವಯಸ್ಸು ಮುನ್ನೂರು ಕೋಟಿ ವರ್ಷಕ್ಕೂ ಹೆಚ್ಚು, ಅಡಿಕೆ ತೋಟ ಅಷ್ಟು ಹಳೆಯದಲ್ಲ ಎಂಬ ಆಕ್ಷೇಪವಿದೆ. ಇದಕ್ಕಿಂತ ದೊಡ್ಡ ಕಾಲದೋಷಗಳಿಗೆ ಡಾಕ್ಟರೇಟ್ ಸಿಕ್ಕಿರುವುದರಿಂದ ಅದನ್ನು ಇಲ್ಲಿಗೇ ಕೈಬಿಡಲಾಗಿದೆ.

ಮೊದಲ ಪ್ರಮಾಣ: ನಮ್ಮಲ್ಲಿ ಬರೀ ‘ಅಡಿಕೆ’ ಎಂಬ ಮಾಲೇ ಇಲ್ಲ. ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳೆಗೋಟು, ಕೋಕಾ. ಯಲ್ಲಾಪುರಕ್ಕೆ ಹೋದರೆ ಅಪಿ. ಜೀವಕೋಶದಲ್ಲೂ ಹಾಗೇ, ಅಮೈನೋ ಆಮ್ಲ ಇಪ್ಪತ್ತು ಬಗೆ. ಒಂದೊಂದನ್ನೂ ಆರಿಸಿ ಅದರದ್ದೇ ಚೀಲಕ್ಕೆ, ಅಂದರೆ ಟಿಆರ್‌ಎನ್‌ಎಗೆ, ತುಂಬುವ ಕಿಣ್ವದ ಹೆಸರು ಅಮೈನೋಅಸೈಲ್ ಟಿಆರ್‌ಎನ್‌ಎ ಸಿಂಥಟೇಸ್. (ಬಾಯಲ್ಲಿ ಕವಳ ಇದ್ದಾಗ ಹೇಳಬೇಡಿ.) ಅದು ಮೊದಲು ಎಟಿಪಿ ಎಂಬ ಹಮಾಲಿ ಖರ್ಚು ತೆತ್ತು ಆಮ್ಲವನ್ನು ಚುರುಕು ಮಾಡುತ್ತದೆ, ಆಮೇಲೆ ಚೀಲದ ಸಿ-ಸಿ-ಎ ಎಂಬ ತುದಿಗೆ ಬಿಗಿಯುತ್ತದೆ.

ಕಷ್ಟ ಇರುವುದು ಐಸೊಲ್ಯೂಸೀನ್ ಎಂಬ ಆಮ್ಲವನ್ನು ಆರಿಸುವವಳಿಗೆ, ಅಂದರೆ ಅದರ ಕಿಣ್ವಕ್ಕೆ. ಅದಕ್ಕೂ ವ್ಯಾಲೀನಿಗೂ ವ್ಯತ್ಯಾಸ ಒಂದು ಇಂಗಾಲ, ಎರಡು ಹೈಡ್ರೋಜನ್ ಅಷ್ಟೇ. ದೊಡ್ಡ ಆಮ್ಲಗಳು ಅವಳ ಗೂಡಿಗೆ ಹಿಡಿಸುವುದಿಲ್ಲ. ಚಿಕ್ಕ ವ್ಯಾಲೀನ್ ನುಸುಳಿಬಿಡುತ್ತದೆ. ಅದಕ್ಕೇ ಪಕ್ಕದಲ್ಲಿ ಇನ್ನೊಂದು ಗೂಡು, ಐಸೊಲ್ಯೂಸೀನ್ ಹೋಗಲಾರದಷ್ಟು ಕಿರಿದು. ವ್ಯಾಲೀನ್ ಅಲ್ಲಿಗೆ ಹೋಯಿತೋ, ಬಿಡಿಸಿ ಹೊರಗೆ. 1977ರಲ್ಲಿ ಅಲನ್ ಫರ್ಷ್ಟ್ ಇದನ್ನು ‘ಎರಡು ಜರಡಿ’ ಎಂದರು. ನಮ್ಮ ಜಗುಲಿಯಲ್ಲಿ ಅಡಿಕೆ ಆರಿಸುವ ಯಾವ ಅತ್ತಿಗೆಯನ್ನು ಕೇಳಿದ್ದರೂ ಅದಕ್ಕೆ ಮೊದಲೇ ಹೇಳುತ್ತಿದ್ದಳು.

ಇಷ್ಟು ನಿಗಾ ಏಕೆಂದರೆ, ಮುಂದೆ ಯಾರೂ ಚೀಲ ಬಿಚ್ಚಿ ನೋಡುವುದಿಲ್ಲ. 1962ರಲ್ಲಿ ಷಾಪ್‌ವಿಲ್ ಮತ್ತು ಸಂಗಡಿಗರು ಸಿಸ್ಟೀನ್ ಚೀಲದಲ್ಲಿದ್ದ ಸಿಸ್ಟೀನನ್ನು ಅಲ್ಲಿದ್ದ ಹಾಗೆಯೇ, ನಿಕಲ್ ಬಳಸಿ, ಅಲನೀನ್ ಮಾಡಿದರು. ಪ್ರೋಟೀನ್ ಜೋಡಿಸುವ ರೈಬೋಸೋಮ್ ಚೀಲದ ಚೀಟಿಯನ್ನಷ್ಟೇ ಓದಿತು, ಸಿಸ್ಟೀನ್ ಇರಬೇಕಾದಲ್ಲಿ ಅಲನೀನ್ ಜೋಡಿಸಿತು. ಹೊರಪೇಟೆಯ ಖರೀದಿದಾರರು ಇದನ್ನು ಓದದಿರಲಿ.

ಇನ್ನೊಂದು ನಾಚಿಕೆಗೇಡು. ಬ್ಯಾಸಿಲಸ್ ಸಬ್ಟಿಲಿಸ್‌ನಂಥ ಅನೇಕ ಬ್ಯಾಕ್ಟೀರಿಯಾಗಳಲ್ಲಿ ಗ್ಲುಟಮೀನ್ ಆರಿಸಲು ಆಳೇ ಇಲ್ಲ. ಗ್ಲುಟಮೀನ್ ಚೀಲಕ್ಕೆ ಗ್ಲುಟಮೇಟ್ ತುಂಬಿಸಿ, ಮತ್ತೊಂದು ಕಿಣ್ವದಿಂದ ಚೀಲದಲ್ಲೇ ಅದನ್ನು ಗ್ಲುಟಮೀನ್ ಮಾಡಿಸುತ್ತವೆ. ರಾಶಿ ಚೀಲಕ್ಕೆ ಗೋಟು ತುಂಬಿ, “ದಾರಿಲಿ ರಾಶಿ ಆಗ್ತು, ತೂಕ ಹಾಕು ಮಾರಾಯಾ” ಎಂದರೆ ನಮ್ಮ ವಖಾರಿಯಲ್ಲಿ ಏನಾಗುತ್ತದೆಂದು ಬರೆಯಬೇಕಿಲ್ಲ. ಬ್ಯಾಕ್ಟೀರಿಯಾದಲ್ಲಿ ನಿಜಕ್ಕೂ ಆಗುತ್ತದೆ.

ಸಿದ್ದಾಪುರ ಪಕ್ಷದವರ ವಾದ ಬೇರೆ: ಟಿಆರ್‌ಎನ್‌ಎ ಚೀಲವಲ್ಲ, ಎಲೆ. 1965ರಲ್ಲಿ ರಾಬರ್ಟ್ ಹಾಲಿ ಯೀಸ್ಟಿನ ಟಿಆರ್‌ಎನ್‌ಎ ಬಿಡಿಸಿದಾಗ ಅದು ಕ್ಲೋವರ್ ಎಲೆಯಂತೆ ಕಂಡಿತಲ್ಲ? ಎಲೆಗೆ ಅಡಿಕೆ ಇಟ್ಟರೆ ಕವಳ. ಹಾಗಾದರೆ ಸುಣ್ಣ ಎಲ್ಲಿ ಎಂದು ಕೇಳಿದೆವು. “ಮೆಗ್ನೀಷಿಯಂ” ಎಂದರು. ಈ ಕೆಲಸಕ್ಕೆ ಮೆಗ್ನೀಷಿಯಂ ಬೇಕೆನ್ನುವುದು ನಿಜ, ಆದರೆ ಸುಣ್ಣ ಕ್ಯಾಲ್ಸಿಯಂ. ಪಕ್ಷ ಬಿತ್ತು.

ಉಳಿದ ಆಕ್ಷೇಪಗಳಿದ್ದವರು ದಯವಿಟ್ಟು ಕೊಯ್ಲು ಮುಗಿದ ಮೇಲೆ ಬನ್ನಿ. ಸದ್ಯ ಅಟ್ಟದ ತುಂಬ ಅಡಿಕೆ ಬಿದ್ದಿದೆ, ಆರಿಸಲಿಕ್ಕೆ ನಮಗೂ ಆಳಿಲ್ಲ.