ಪುರುಸೊತ್ತಿನ ಮಾಮ

ಮುಂಬಯಿಯ ಪ್ರತಿ ಸೊಸೈಟಿಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಬ್ಯಾಂಕಿನಿಂದಲೋ ರೈಲ್ವೆಯಿಂದಲೋ ನಿವೃತ್ತರು. ಊರು ಉಡುಪಿ, ಕುಂದಾಪುರದ ಕಡೆ. ಮನೆ ಮಲಾಡಿನಲ್ಲೋ ಅಂಧೇರಿಯಲ್ಲೋ. ಮೂವತ್ತು ಚಿಲ್ಲರೆ ವರ್ಷ ಚರ್ಚ್‌ಗೇಟ್ ಫಾಸ್ಟ್ ಲೋಕಲಿನ ಬಾಗಿಲಲ್ಲಿ ನೇತಾಡಿದವರು, ಇನ್ನು ಸಾಯುವವರೆಗೆ ಆರಾಮ ಎಂದು ಕಂಕಣ ಕಟ್ಟಿಕೊಂಡವರು. ನಮ್ಮ ಕಟ್ಟಡದಲ್ಲಿರುವ ಅಂಥವರಿಗೆ ಪುರುಸೊತ್ತಿನ ಮಾಮ ಎಂದು ಹೆಸರು. ಎದುರಿಗೇ ಹಾಗೆ ಕರೆದರೂ ಬಿರುದು ಸಿಕ್ಕವರಂತೆ ನಗುತ್ತಾರೆ.

ಮಾಮನಿಗೆ ಆರಾಮವೆಂದರೆ ಬೋಟು. ಮಾರ್ವೆಯಿಂದ ಮನೋರಿ, ವರ್ಸೋವಾದಿಂದ ಮಢ್, ಗೊರಾಯಿ ಖಾಡಿ, ಚಳಿಗಾಲ ಬಂತೆಂದರೆ ಗೇಟ್‌ವೇಯಿಂದ ಮಾಂಡವಾ. ಆಚೆ ದಡದಲ್ಲಿ ಕೆಲಸವೇನೂ ಇಲ್ಲ. ಇಳಿದು ಒಂದು ಕಟಿಂಗ್ ಚಹಾ ಕುಡಿದು ವಾಪಸು ಬರುವುದು, ಅಷ್ಟೆ. ಮಢ್‌ಗೆ ರಸ್ತೆಯಲ್ಲಿ ಹೋದರೆ ಮಲಾಡು ಸುತ್ತಿ ಸುಮಾರು 20 ಕಿಲೋಮೀಟರು, ಬೋಟಿನಲ್ಲಾದರೆ ಕೆಲವೇ ನಿಮಿಷ. ಹಾಗಾಗಿ ಉಳಿದವರೆಲ್ಲ ಅದನ್ನು ಹತ್ತುವುದು ಬೇಗ ಮುಟ್ಟಲಿಕ್ಕೆ. ನಿಧಾನಕ್ಕೆಂದು ಹತ್ತುವವರು ಮಾಮ ಒಬ್ಬರೇ.

ಈ ಹುಚ್ಚು ಅಂಟಿದ್ದು ಬರ್ಮಿಂಗ್‌ಹ್ಯಾಮಿನಲ್ಲಿರುವ ಮಗನ ಮನೆಗೆ ಹೋದಾಗ. ಅಲ್ಲಿನ ಕಾಲುವೆಗಳಲ್ಲಿ ಉದ್ದನೆಯ ಸಪೂರ ದೋಣಿಗಳು ಗಂಟೆಗೆ 4 ಮೈಲಿಗಿಂತ ಜೋರಾಗಿ ಹೋಗಕೂಡದಂತೆ. ನೀರು ಏರಿಸಿ ಇಳಿಸುವ ಗೇಟು ಬಂದಲ್ಲೆಲ್ಲ ನೀವೇ ಇಳಿದು, ಹಿಡಿ ತಿರುಗಿಸಿ, ಬಾಗಿಲು ನೂಕಿ ತೆರೆಯಬೇಕು. ದಡದಲ್ಲಿ ನಾಯಿ ಹಿಡಿದು ನಡೆಯುತ್ತಿದ್ದ ಮುದುಕಿಯೊಬ್ಬಳು ತಮ್ಮ ದೋಣಿಯನ್ನು ದಾಟಿ ಮುಂದೆ ಹೋದಳೆಂದು ಮಾಮ ಈಗಲೂ ಭಕ್ತಿಯಿಂದ ಹೇಳುತ್ತಾರೆ. ಮುಂಬಯಿಗೆ ಮರಳಿದ ಮೇಲೆ ಅವರು ಮಾಡಿದ ಮೊದಲ ಲೆಕ್ಕ: ಚರ್ಚ್‌ಗೇಟಿನಿಂದ ವಿರಾರಿಗೆ 60 ಕಿಲೋಮೀಟರು, ಆ ವೇಗದಲ್ಲಿ ಹೊರಟರೆ 9 ಗಂಟೆ ದಾಟುತ್ತದೆ. "ಆಗಲಿ, ಎಂತ ಅರ್ಜೆಂಟು ಮಾರಾಯ?"

ನೀರು ತಮ್ಮ ರಕ್ತದಲ್ಲೇ ಉಂಟು ಎನ್ನುವುದು ಅವರ ಇನ್ನೊಂದು ವಾದ. ತಂದೆ ಮಂಗಳೂರಿನಿಂದ ಹಡಗಿನಲ್ಲಿ ಬೊಂಬಾಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಕಲಿತವರು. ಆ ತಂದೆ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು ಬಂದಿದ್ದರು, ಆಮೇಲೆ ಹಡಗಿನ ಹೆಸರೆತ್ತಿದರೆ ನಿಂಬೆಹಣ್ಣು ಕೇಳುತ್ತಿದ್ದರು ಎಂಬ ಉಳಿದರ್ಧ ಕಥೆಯನ್ನು ಮಾಮಿ ಸೇರಿಸುತ್ತಾರೆ.

ಇಷ್ಟು ಕೇಳಿ ಮಾಮನ ಜೊತೆ ಒಂದು ಭಾನುವಾರ ಆರಾಮಕ್ಕೆ ಹೊರಟಿರೋ, ಕೆಟ್ಟಿರಿ. ಬೆಳಿಗ್ಗೆ ಆರಕ್ಕೇ ಕಾಲಿಂಗ್ ಬೆಲ್. ಮಲಾಡು ಸ್ಟೇಷನ್ನಿನಿಂದ ಮಾರ್ವೆಗೆ ಹೋಗುವ 272 ನಂಬರಿನ ಬಸ್ಸು ತಪ್ಪಿದರೆ ಲೋಕವೇ ಮುಳುಗುತ್ತದೆ. ಮಾರ್ವೆಯಲ್ಲಿ ಬೋಟು ದಡ ಮುಟ್ಟುವ ಮೊದಲೇ ಮಾಮನ ಕೈಯಿಂದ ಕರವಸ್ತ್ರ ಹಾರಿ ಬದಿಯ ಹಲಗೆಯ ಮೇಲೆ ಬಿದ್ದಿರುತ್ತದೆ. ಅದು ವಿಂಡೋ ಸೀಟು. ಬೋಟಿಗೆ ಕಿಟಕಿಯೇ ಇಲ್ಲ, ಅದು ಬೇರೆ ಮಾತು. ಜನ, ಬೈಕು, ಕೊತ್ತಂಬರಿಯ ಮೂಟೆ ಎಲ್ಲ ಹತ್ತಿದ ಮೇಲಷ್ಟೆ ಬೋಟು ಬಿಡುತ್ತದೆ. ಅಷ್ಟು ಹೊತ್ತೂ ಮಾಮ ವಾಚು ನೋಡುತ್ತ, "ಇವತ್ತು ನಾಲ್ಕು ನಿಮಿಷ ಲೇಟು" ಎಂದು ಗೊಣಗುತ್ತಾರೆ. ಖಾಡಿಯ ನಡುವೆ ಬೆಳ್ಳಕ್ಕಿ, ಕಾಂಡ್ಲಾ ಗಿಡ, ಉಪ್ಪು ಗಾಳಿ ಎಲ್ಲ ಇರುತ್ತದೆ. ಮಾಮ ಮಾತ್ರ ಎದ್ದು ನಿಂತಾಗಿದೆ. ಮುಂದೆ ನಿಂತವನ ಬೆನ್ನಿಗೆ ಬೆರಳು ತಾಗಿಸಿ ಕೇಳುತ್ತಾರೆ: "ಉತರ್ನಾ ಹೈ ಕ್ಯಾ?"

ಆ ಬೋಟಿಗೆ ಇರುವುದು ಅದೊಂದೇ ನಿಲ್ದಾಣ. ಇಳಿಯದೆ ಅವನು ಇನ್ನೆಲ್ಲಿಗೆ ಹೋಗಬೇಕು?

ಮಳೆಗಾಲದಲ್ಲಿ ಮಾಂಡವಾದ ಲಾಂಚುಗಳು ನಿಲ್ಲುತ್ತವೆ. ಭಾವುಚಾ ಧಕ್ಕಾದಿಂದ 2020ರಲ್ಲಿ ಶುರುವಾದ, ಕಾರುಗಳನ್ನೂ ಹೊತ್ತೊಯ್ಯುವ ರೋರೋ ಹಡಗನ್ನು ಅವರು ಬೋಟೆಂದು ಒಪ್ಪುವುದಿಲ್ಲ. ಏಸಿ ಹಾಕಿ ಕೂತರೆ ಅದು ಬ್ಯಾಂಕಿನ ಕಾಟನ್‌ಗ್ರೀನ್ ಬ್ರಾಂಚಿನ ಮ್ಯಾನೇಜರನ ಕ್ಯಾಬಿನ್ನಂತೆ. ಹಾಗಾಗಿ ಮಳೆ ಮುಗಿಯುವವರೆಗೆ ಅವರ ಪುರುಸೊತ್ತು ಕ್ರಿಕೆಟಿಗೆ ವರ್ಗವಾಗುತ್ತದೆ. 1948ರಲ್ಲಿ ಶುರುವಾದ ಕಾಂಗಾ ಲೀಗು ಮಳೆಯಲ್ಲೇ ಆಡುವ ಪಂದ್ಯಾವಳಿಯೆಂದು ಹೆಸರಾದದ್ದು. ಒದ್ದೆ ಪಿಚ್ಚು, ಮೊಣಕಾಲುದ್ದ ಹುಲ್ಲು, ಹೊಡೆದ ಚೆಂಡು ಅಲ್ಲೇ ಕೂತುಬಿಡುತ್ತದೆ. ಆಜಾದ್ ಮೈದಾನದಲ್ಲಿ ಒಂದು ಪಂದ್ಯದ ಸ್ಲಿಪ್ಪಿನವನು ಇನ್ನೊಂದು ಪಂದ್ಯದ ಕವರಿನವನಿಗೆ ಬೆನ್ನು ಕೊಟ್ಟು ನಿಂತಿರುತ್ತಾನೆ. ಮಾಮ ಕೊಡೆ ಹಿಡಿದು ನಡುವೆ ನಿಂತು ಎರಡಕ್ಕೂ ಒಟ್ಟಿಗೇ ಸಲಹೆ ಕೊಡುತ್ತಾರೆ. 1988ರ ಫೆಬ್ರವರಿಯಲ್ಲಿ ಶಾರದಾಶ್ರಮ ಶಾಲೆಯ ಹುಡುಗರಾದ ತೆಂಡೂಲ್ಕರ್ ಮತ್ತು ಕಾಂಬ್ಳಿ ಅದೇ ಮೈದಾನದಲ್ಲಿ 664 ರನ್ನಿನ ಜೊತೆಯಾಟ ಆಡಿದಾಗ ತಾವು ಅಲ್ಲೇ ಇದ್ದೆವೆನ್ನುತ್ತಾರೆ. ಆ ದಿನ ಅಲ್ಲಿದ್ದೆ ಎನ್ನುವ ಮುಂಬಯಿಕರರೆಲ್ಲ ನಿಜಕ್ಕೂ ಇದ್ದಿದ್ದರೆ ಫೀಲ್ಡರುಗಳಿಗೆ ಕಾಲಿಡಲು ಜಾಗ ಸಿಗುತ್ತಿರಲಿಲ್ಲ.

ಸೇತುವೆಗಳೆಂದರೆ ಮಾಮನಿಗೆ ಆಗದು. 2024ರ ಜನವರಿಯಲ್ಲಿ 21.8 ಕಿಲೋಮೀಟರಿನ ಅಟಲ್ ಸೇತು ತೆರೆದಾಗ ಎರಡು ದಿನ ಮುಖ ಊದಿಸಿಕೊಂಡಿದ್ದರು. "ಅಷ್ಟು ಬೇಗ ನವಿ ಮುಂಬಯಿಗೆ ಹೋಗಿ ಎಂತ ಮಾಡ್ತಾರೆ?" ಪ್ರಶ್ನೆ ನ್ಯಾಯವಾದದ್ದೇ.

ಇವರ ಆರಾಮದ ಬಣ್ಣ ಬಯಲಾದದ್ದು ನಮ್ಮಿಬ್ಬರ ಜೊತೆಗೆ ಮಾಮಿಯೂ ಬಂದ ದಿನ. ಮಢ್ ಸುತ್ತಿ ವರ್ಸೋವಾಕ್ಕೆ ಮರಳುವುದೆಂದು ಮಾತಾಗಿತ್ತು. ಬೋಟು ಹತ್ತುವ ಮೊದಲೇ ಮಾಮಿಯ ಕಣ್ಣು ಮೀನಿನ ಬುಟ್ಟಿಗೆ ಬಿತ್ತು. ಕೋಲಿ ಹೆಂಗಸು ಒಂದು ಬೆಲೆ ಹೇಳಿದಳು. ಮಾಮಿ ಬಂಗುಡೆಯ ಕಿವಿರು ಎತ್ತಿ ನೋಡಿ, ಬೆರಳಿನಿಂದ ಒತ್ತಿ, ಅರ್ಧ ಬೆಲೆ ಹೇಳಿದರು. ಅವಳು ನಕ್ಕಳು. ಇವರೂ ನಕ್ಕರು. ಮಗಳ ಮದುವೆ, ಮೊಣಕಾಲು ನೋವು, ಈ ಸಲ ಬೊಂಬಿಲ್ ಯಾಕೆ ಸಣ್ಣ—ಎಲ್ಲ ಬಂತು. ಮಾಮಿಗೆ ಕೂರಲು ಮಗುಚಿದ ಟಬ್ಬು, ಕುಡಿಯಲು ಚಹಾವೂ ಬಂತು. ಮಾಮ ಜೆಟ್ಟಿಗೂ ಬುಟ್ಟಿಗೂ ನಡುವೆ ಅಡ್ಡಾಡಿ ಬೆವರಿದರು. "ಮಾರಾಯ್ತಿ, ಎರಡು ಬೋಟು ಹೋಯ್ತು! ಇದೂ ಹೋಗ್ತದೆ!"

ಮಾಮಿ ತಲೆಯೆತ್ತದೆ ನನಗೆ ಹೇಳಿದರು: "ಇವರನ್ನು ಅದರಲ್ಲಿ ಹತ್ತಿಸಿ ಕಳಿಸಿಬಿಡು ಮಗಾ. ನಾವು ಆಮೇಲೆ ಬರುವ."

ಮಾಮ ಹೋದರು. ವಿಂಡೋ ಸೀಟು ಸಿಕ್ಕಿತಂತೆ.