ಗುಂಪುನಾಮದ ಮೇಷ್ಟ್ರು

ಪ್ರತಿ ಬಡಾವಣೆಗೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಆನೆಗಳು ಎದುರಿಗೆ ಬಂದರೂ ಓಡದೆ, ‘ಹಿಂಡು ಅನ್ನೋಣವೋ, ದಂಡು ಅನ್ನೋಣವೋ?’ ಎಂದು ಪಕ್ಕದವರ ತೋಳು ಹಿಡಿಯುವವರು. ನಮ್ಮ ಪಾಲಿಗೆ ಬಂದವರು ನಿವೃತ್ತ ಮೇಷ್ಟ್ರು. ದನಕ್ಕೆ ಮಂದೆ, ಬಾಳೆಗೆ ಗೊನೆ, ವೀಳ್ಯದೆಲೆಗೆ ಕಟ್ಟು ಎಲ್ಲ ಮುಗಿಸಿ, ಈಗ ದೆವ್ವ ರಕ್ಕಸರ ಖಾತೆಗೆ ಕೈ ಹಾಕಿದ್ದಾರೆ.

ಯಾಕೆ ಎಂದರೆ ಸೀದಾ ಇಂಗ್ಲೆಂಡಿಗೆ ಹೋಗುತ್ತಾರೆ. 1486ರಲ್ಲಿ ಅಚ್ಚಾದ ‘ಬುಕ್ ಆಫ್ ಸೇಂಟ್ ಆಲ್ಬನ್ಸ್’ನಲ್ಲಿ ಮೃಗಪಕ್ಷಿಗಳ ಜತೆ ನ್ಯಾಯಾಧೀಶರ, ಸನ್ಯಾಸಿನಿಯರ ಗುಂಪಿಗೂ ಕುಚೋದ್ಯದ ಹೆಸರುಗಳಿವೆಯಂತೆ. ‘ಅವರು ಸನ್ಯಾಸಿನಿಯರನ್ನೇ ಬಿಡಲಿಲ್ಲ, ನಾನು ಪಿಶಾಚಿಗಳನ್ನು ಬಿಡಲೇ?’

ಬಿಡಲಿಲ್ಲ. ಒಂದು ಪಂಕ್ತಿ ಬಕಾಸುರರು. ಒಂದು ಗೊರಕೆ ಕುಂಭಕರ್ಣರು. ಒಂದು ದೀಪೋತ್ಸವ ಕೊಳ್ಳಿದೆವ್ವಗಳು. ಓದಿ ಓದಿ ಕೆಟ್ಟವರಾದ್ದರಿಂದ ಒಂದು ವಿಚಾರಸಂಕಿರಣ ಬ್ರಹ್ಮರಾಕ್ಷಸರು. ಕತೆಗೊಂದು ಪ್ರಶ್ನೆ ಎಸೆಯುವುದರಿಂದ ಒಂದು ಪ್ರಶ್ನೆಪತ್ರಿಕೆ ಬೇತಾಳಗಳು. ಬಾಗಿಲಿನ ಮೇಲೆ ‘ನಾಳೆ ಬಾ’ ಎಂದು ಬರೆಸಿಕೊಂಡು ದಿನಾ ವಾಪಸು ಹೋಗುವ ಬಡಪಾಯಿ ದೆವ್ವಗಳಿಗೆ ಮಾತ್ರ ಕನಿಕರದಿಂದ ‘ಒಂದು ಪಿಂಚಣಿ ಸಾಲು’ ಎಂದಿಟ್ಟಿದ್ದಾರೆ.

ಇಷ್ಟನ್ನು ಸಹಿಸಬಹುದಿತ್ತು. ಆದರೆ ಇವರ ಜತೆ ‘ದೇವಿ ಮಹಾತ್ಮೆ’ ಬಯಲಾಟಕ್ಕೆ ಹೋಗಬಾರದು. ನಡುರಾತ್ರಿ ಕಳೆದಿದೆ. ಮಹಿಷಾಸುರ ದೊಂದಿ ಬೆಳಕಿನಲ್ಲಿ, ರಾಳದ ಬೆಂಕಿ ಎಬ್ಬಿಸುತ್ತ ಜನರ ನಡುವಿನಿಂದಲೇ ನುಗ್ಗುತ್ತಿದ್ದಾನೆ. ಮಕ್ಕಳು ಚೀರುತ್ತಿವೆ, ನನ್ನ ಮೈಯೂ ಜುಮ್ಮೆಂದಿದೆ. ಆಗ ಕಿವಿಯ ಹತ್ತಿರ ಬಿಸಿಯುಸಿರು: ‘ಇವನ ಕಡೆಯವರಿಗೆ ಒಂದು ಗೂಳಿಕಾಳಗ ಅಂದರೆ?’ ನನ್ನ ಭಯ ಅಲ್ಲೇ ಸತ್ತಿತು. ಬೆಳಗಿನ ಜಾವ ರಕ್ತಬೀಜ ದೇವಿಯೆದುರು ವಾದಕ್ಕೆ ನಿಂತ. ತೊಟ್ಟು ನೆತ್ತರು ಬಿದ್ದಲ್ಲೆಲ್ಲ ಇನ್ನೊಬ್ಬ ಏಳುವವನು. ಅರ್ಥಗಾರಿಕೆ ಏರುತ್ತಿರುವಾಗ ಮತ್ತೆ ಉಸಿರು: ‘ಒಂದು ಜೆರಾಕ್ಸ್!’ ಮುಂದಿನ ಸಾಲಿನ ಅಜ್ಜಿ ತಿರುಗಿ ನೋಡಿದ ನೋಟಕ್ಕೆ ಗುಂಪುನಾಮ ಬೇಕಿರಲಿಲ್ಲ, ಅದೊಂದೇ ಸಾಕಿತ್ತು. ಬಿದ್ದದ್ದು ಮಾತ್ರ ನನ್ನ ಮೇಲೆ. ಏಕೆಂದರೆ ನಕ್ಕವನು ನಾನು.

ಕರೆಂಟು ಹೋದ ಸಂಜೆ ಬೀದಿಯ ಮಕ್ಕಳು ಇವರ ಜಗಲಿಗೇ ಓಡುತ್ತಾರೆ, ಅದನ್ನೂ ಹೇಳಬೇಕು. ಕತ್ತಲೆಗೆ ಅಳುವ ಪೋರಿಯೊಬ್ಬಳು ‘ಒಂದು ಗೆಜ್ಜೆ ಮೋಹಿನಿಯರು’ ಎಂದು ತಾನೇ ಕಟ್ಟಿ ಕೇಕೆ ಹಾಕಿದಳು. ಕತೆಯಲ್ಲಿ ದೆವ್ವ ಬರುವುದು ಯಾವಾಗಲೂ ಒಂಟಿಯಾಗಿ, ನಾವು ಒಂಟಿಯಾಗಿದ್ದಾಗ. ಸಾಲಾಗಿ ನಿಲ್ಲಿಸಿ ಹಾಜರಿ ಕರೆದರೆ ಅದಕ್ಕೂ ಶಾಲೆಯ ಮಕ್ಕಳ ಸಂಕೋಚ ಬರುತ್ತದೇನೋ. ಮೇಷ್ಟ್ರು ಅಷ್ಟು ವರ್ಷ ಮಾಡಿದ್ದು ಅದೇ ಕೆಲಸ ತಾನೆ.

ಮೊನ್ನೆ ಸೇಡಿಗೆಂದೇ ಕೇಳಿದೆ: ‘ನಿಮ್ಮಂಥವರ ಗುಂಪಿಗೆ ಏನನ್ನಬೇಕು?’

ಅವರು ಮೊದಲ ಬಾರಿ ತಡವರಿಸಿದರು. ‘ನಮ್ಮಂಥವರು ಗುಂಪಾಗೋದಿಲ್ಲ ಮಾರಾಯ. ಇಬ್ಬರು ಸೇರಿದರೆ ಹೆಸರಿನ ಮೇಲೇ ಜಗಳ. ಅದಕ್ಕೇ ನಿನ್ನನ್ನು ಕರೆದುಕೊಂಡು ಹೋಗೋದು.’

ಶನಿವಾರ ಮತ್ತೊಂದು ಆಟವಿದೆ. ಹೋಗುತ್ತಿದ್ದೇನೆ.